ಚಂದಯ್ಯ ಶೆಟ್ಟರ ಪರ್ಪೆಚುವಲ್ ಕಪ್

ಕೋಟೇಶ್ವರದ ಆಸುಪಾಸಿನಲ್ಲಿ ಯಾರಾದರೂ ನಿಮ್ಮ ಹತ್ತಿರ, "ಚಂದಯ್ಯ ಶೆಟ್ರ ಮರ್ಯಾದಿ ತೆಗ್ದದ್ ಆ ಮಾಸ್ಟ್ರ್" ಎಂದು ಹೇಳಿದರೆ ದಯವಿಟ್ಟು ನಂಬಬೇಡಿ. ಆ ಮಾಸ್ಟ್ರು ನಾನೇ. ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿರುವವನು. ನಾನು ಮಾಡಿದ್ದು ಇಷ್ಟೇ: ಒಬ್ಬರು ಒಂದು ಶಬ್ದದ ಅರ್ಥ ಕೇಳಿದರು, ನಾನು ಹೇಳಿದೆ. ಹೇಳಿದ ಅರ್ಥ ಸರಿಯಾಗಿಯೇ ಇತ್ತು. ಅರ್ಥ ಸರಿಯಿದ್ದೂ ಅನರ್ಥವಾದರೆ ಆ ಶಬ್ದ ಮಾಡಿದವರನ್ನು ಹಿಡಿದು ಕೇಳಬೇಕು. ಅವರೋ, ನಲವತ್ತೇಳರಲ್ಲೇ ಹಡಗು ಹತ್ತಿ ಹೋಗಿಯಾಗಿದೆ. ಹಾಗಾಗಿ ಊರವರಿಗೆ ಕೈಗೆ ಸಿಕ್ಕಿದವನು ನಾನು.

ಚಂದಯ್ಯ ಶೆಟ್ಟರು ನಮ್ಮ ಬೇಲಿಯಾಚೆಯ ಮನೆಯವರು. ಐವತ್ತು ದಾಟಿದ ಆಳು, ಎತ್ತರದ ಜನ, ಸ್ವರವೂ ಎತ್ತರ. ಅವರು ಮನೆಯ ಜಗಲಿಯಲ್ಲಿ ಕುಳಿತು ಕೆಮ್ಮಿದರೆ ಹೆದ್ದಾರಿಯಲ್ಲಿ ಹೋಗುವ ಬಸ್ಸು ಯಾರೋ ಕೂಗಿ ಕರೆದರೆಂದು ನಿಂತದ್ದೂ ಉಂಟು. ಗದ್ದೆ, ತೋಟ, ದನದ ಹಟ್ಟಿ ಎಲ್ಲ ಇತ್ತು. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರ ಹೆಂಡತಿ ಸೀತು. ನಾವೆಲ್ಲ ಸೀತಕ್ಕ ಅನ್ನುವುದು. ಶೆಟ್ಟರು ನೋಡಿಕೊಳ್ಳುತ್ತಿದ್ದದ್ದು ಜಗಲಿಯ ಆರಾಮ ಕುರ್ಚಿಯನ್ನು. ಅದನ್ನು ಮಾತ್ರ ಬಹಳ ಚೆನ್ನಾಗಿ ನೋಡಿಕೊಂಡಿದ್ದರು.

೧೯೬೪ರ ಜನವರಿಯಲ್ಲಿ ಕುಂದಾಪುರದ ಮೈದಾನದಲ್ಲಿ ತಾಲೂಕಿನ ಬೆಳೆ ಪ್ರದರ್ಶನ ನಡೆಯಿತು. ಮದ್ರಾಸಿನಲ್ಲಿ ಹೋಟೆಲಿಟ್ಟು ಮೇಲೆ ಬಂದ ನಮ್ಮ ಊರಿನವರೊಬ್ಬರು ಅದೇ ವರ್ಷ ಗೆಡ್ಡೆಗೆಣಸಿನ ವಿಭಾಗಕ್ಕೆ ಒಂದು ಕಪ್ ದಾನ ಕೊಟ್ಟಿದ್ದರು. ಅವರಿಗೆ ಗೆಡ್ಡೆಯ ಮೇಲೆ ಯಾಕೆ ಅಷ್ಟು ಪ್ರೀತಿ ಎಂದು ಯಾರಿಗೂ ಗೊತ್ತಿಲ್ಲ. ಸೀತಕ್ಕ ಹಟ್ಟಿಯ ಹಿಂದೆ ಬೆಳೆಸಿದ್ದ ಸುವರ್ಣಗೆಡ್ಡೆಯನ್ನು ಇಬ್ಬರು ಸೇರಿ ಗಾಡಿಗೆ ಹತ್ತಿಸಿದರು. ಶೆಟ್ಟರು ದೂರ ನಿಂತು ಕೊಡೆಯ ತುದಿಯಿಂದ ದಾರಿ ತೋರಿಸಿದರು. ಹಳೆಯ ಲೆಕ್ಕದಲ್ಲಿ ನಲವತ್ತೆರಡು ರಾತ್ಲು, ಅಂದರೆ ಸುಮಾರು ಹತ್ತೊಂಬತ್ತು ಕಿಲೋ ತೂಗಿತು. ಮೊದಲ ಬಹುಮಾನ. ಅರ್ಜಿಯಲ್ಲಿ ಹೆಸರು ಚಂದಯ್ಯ ಶೆಟ್ಟಿ ಎಂದಿತ್ತು, ಬರೆದುಕೊಟ್ಟವನು ನಾನೇ. ಮನೆ ಯಜಮಾನರ ಹೆಸರು ಬರೆಯುವುದು ವಾಡಿಕೆ, ಅದರಲ್ಲಿ ನನಗೆ ತಪ್ಪೇನೂ ಕಂಡಿರಲಿಲ್ಲ.

ಕಪ್ ಅಂದರೆ ಸಣ್ಣದಲ್ಲ. ಬೆಳ್ಳಿಯ ಬಣ್ಣ, ಎರಡು ಕಿವಿ, ಕೆಳಗೆ ಕರಿಮರದ ಪೀಠ. ಪೀಠದ ಸುತ್ತ ಹೆಬ್ಬೆರಳಗಲದ ಹನ್ನೆರಡು ತಗಡು, ಎಲ್ಲ ಖಾಲಿ. ಮೇಲೆ ಇಂಗ್ಲಿಷಿನಲ್ಲಿ 'ಗೆಡ್ಡೆಗೆಣಸಿನ ಪರ್ಪೆಚುವಲ್ ಕಪ್' ಎಂದು ಕೆತ್ತಿತ್ತು. ಶೆಟ್ಟರು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಧ್ವನಿವರ್ಧಕದ ಮುಂದೆ ನಿಂತರು.

"ಗೆಡ್ಡಿ ಬೆಳೆಸುದಂದ್ರೆ ತಮಾಷಿ ಅಲ್ಲ! ಸುಡುಮಣ್ಣ್ ಹಾಕ್ಕ್, ಗೊಬ್ಬರ ಹಾಕ್ಕ್, ನೀರ್ ಹಾಕ್ಕ್, ಸೊಂಟ ಮುರೀಕ್!" ಎಂದು ಗೆಡ್ಡೆಗೆ ಏನೇನು ಮಾಡಬೇಕೆಂಬುದನ್ನು ಕಾಲು ಗಂಟೆ ಮಾತಾಡಿದರು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಸೀತಕ್ಕ ತಲೆ ತಗ್ಗಿಸಿ ತನ್ನ ಉಗುರು ನೋಡಿಕೊಳ್ಳುತ್ತಿದ್ದರು. ನಾಚಿಕೆಯಿರಬೇಕು ಎಂದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಪ್ ಶೆಟ್ಟರ ತೊಡೆಯ ಮೇಲೆ. ನಾನು ಪಕ್ಕದಲ್ಲಿ. ಸೀತಕ್ಕ ಎದುರಿನ ಸೀಟಿನಲ್ಲಿ.

"ಶೆಟ್ರೆ, ಅದ್ಕೂ ಟಿಕೆಟ್ ಮಾಡ್ಕಾ?" ಎಂದ ಕಂಡಕ್ಟರ್.

"ಮಾಡ್ ಮಾರಾಯ, ಫುಲ್ ಟಿಕೆಟೇ ಮಾಡ್," ಎಂದರು ಶೆಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಇಡೀ ಬಸ್ಸಿಗೆ ಕೇಳುವ ಗುಟ್ಟಿನ ಸ್ವರದಲ್ಲಿ, "ಹ್ವಾಯ್ ಮಾಸ್ಟ್ರೆ, ಈ ಪರ್ಪೆಚುವಲ್ ಅಂದ್ರೆ ಎಂತ?" ಎಂದು ಕೇಳಿದರು.

"ಶಾಶ್ವತ," ಎಂದೆ.

ಬಸ್ಸಿನಲ್ಲಿ ಒಂದು 'ಹೋ' ಎದ್ದಿತು.

"ಹಾಂಗಾರೆ ಪರ್ಮನೆಂಟ್ ಅಂದ್ರೆ?"

"ಅದೂ ಶಾಶ್ವತವೇ."

"ಎರಡೂ ಒಂದೇ ಆರೆ ಎರಡ್ ಶಬ್ದ ಎಂತಕ್ಕೆ ಮಾರಾಯ್ರೆ? ಎರಡ್ರಲ್ಲಿ ದೊಡ್ಡದ್ ಯಾವ್ದ್?"

ಬಸ್ಸಿನ ನಲವತ್ತು ಜೋಡಿ ಕಣ್ಣು ನನ್ನ ಬಾಯಿಯ ಮೇಲೆ. ನನ್ನ ಮನೆಯಲ್ಲಿರುವ ನಿಘಂಟಿಗೆ ಒರಲೆ ಹಿಡಿದು ಅರ್ಧ ತಿಂದಿತ್ತು. ಉಳಿದ ಅರ್ಧದಲ್ಲಿ ಎರಡು ಶಬ್ದಕ್ಕೂ 'ಶಾಶ್ವತ' ಎಂದೇ ಇತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಇಂಗ್ಲಿಷ್ ಮಾಸ್ಟ್ರು ಬಸ್ಸಿನಲ್ಲಿ ಗೊತ್ತಿಲ್ಲ ಎಂದರೆ ಮರುದಿನ ತರಗತಿಯಲ್ಲಿ ಮಕ್ಕಳ ಮುಖ ನೋಡುವುದು ಹೇಗೆ? ಗಂಟಲು ಸರಿಮಾಡಿಕೊಂಡೆ.

"ಪರ್ಪೆಚುವಲ್ ದೊಡ್ಡದ್. ಪರ್ಮನೆಂಟ್ ಗುಮಾಸ್ತನಿಗೆ ವಯಸ್ಸಾದ ಕೂಡ್ಲೆ ರಿಟೈರ್. ಪರ್ಪೆಚುವಲ್ಲಿಗೆ ರಿಟೈರೇ ಇಲ್ಲೆ," ಎಂದೆ.

ಈ ಮಾತಿನಲ್ಲಿ ಇವತ್ತಿಗೂ ನನಗೆ ತಪ್ಪು ಕಾಣಿಸುವುದಿಲ್ಲ. ಯಾವುದಕ್ಕೆ ರಿಟೈರಿಲ್ಲ, ಕಪ್ಪಿಗೋ ಗೆದ್ದವನಿಗೋ ಎಂದು ಶೆಟ್ಟರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಶೆಟ್ಟರ ಮುಖ ಅರಳಿತು. "ಕೇಂಡ್ಯಾ ಸೀತೂ? ನನ್ ಕಾಲಕ್ಕೆ ಮುಗೀತಿಲ್ಲೆ ಇದ್. ಮೊಮ್ಮಕ್ಕಳ ಕಾಲಕ್ಕೂ ನಮ್ದೇ!" ಎಂದರು. ಸೀತಕ್ಕ ಕಿಟಕಿಯ ಹೊರಗೆ ನೋಡುತ್ತಾ, "ಮನಿಗ್ ಹೋಯ್ ದನಕ್ಕೆ ಹುಲ್ಲ್ ಹಾಕ್ಕ್," ಎಂದರು.

ಮರುದಿನ ಬೆಳಗ್ಗೆ ನನಗೆ ಕರೆ ಬಂತು. ಹೋಗಿ ನೋಡಿದರೆ ಶೆಟ್ಟರ ಜಗಲಿಯಲ್ಲಿ ಅಕ್ಕಸಾಲಿ ಚೆನ್ನಯ್ಯ ಆಚಾರ್ರು ಕಪ್ಪನ್ನು ಮಗುಚಿ ಹಾಕಿಕೊಂಡು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು.

"ಮಾಸ್ಟ್ರೆ, ಈ ಹನ್ನೆರಡ್ ತಗಡ್ ಖಾಲಿ ಬಿಟ್ಟದ್ ಎಂತಕ್ಕೆ?" ಎಂದರು ಶೆಟ್ಟರು.

"ಗೆದ್ದವ್ರ ಹೆಸ್ರ್ ಬರೂಕೆ ಇರ್ಕ್," ಎಂದೆ.

"ಗೆದ್ದವ ನಾನ್. ಒಂದ್ ಸಲ ಬರ್ದ್ರೆ ಸಾಕಲ್ದಾ? ಹನ್ನೆರಡ್ ಎಂತಕ್ಕೆ?"

ನಾನು ಯೋಚಿಸುವ ಮೊದಲೇ ಚೆನ್ನಯ್ಯ ಆಚಾರ್ರು ಬಾಯಿ ಹಾಕಿದರು. ಅವರಿಗೆ ಎರಡು ತಿಂಗಳ ಹಿಂದೆ ಯಾವುದೋ ಸರ್ಕಾರಿ ಅರ್ಜಿ ಮೂರು ಸಲ ವಾಪಸು ಬಂದಿತ್ತು. "ಶೆಟ್ರೆ, ನನ್ ಮಾತ್ ಕೇಣಿ. ಸರ್ಕಾರದವ್ರ್ ಬಿಟ್ಟ ಜಾಗ ಒಂದೂ ಖಾಲಿ ಇಡೂಕಾಗ. ಒಂದ್ ಖಾಲಿ ಬಿಟ್ರೂ ವಾಪಸ್ ಕಳಿಸ್ತ್ರ್. ಎಲ್ಲಾ ತುಂಬ್ಸಿ ಬಿಡ್ಕ್."

ಇದು ಮೂವರಿಗೂ ಬಹಳ ಸರಿ ಎನಿಸಿತು. ವಾಪಸು ಹೋಗುವುದಂತೂ ಆಗದು, ಶಾಶ್ವತವಲ್ಲವೇ? ಆಚಾರ್ರು ಆರು ದಿನ ಕುಳಿತು, ಕಪ್ಪಿನ ಸುತ್ತ ಹನ್ನೆರಡು ಸಲ 'ಚಂದಯ್ಯ ಶೆಟ್ಟಿ' ಎಂದು ಆಳವಾಗಿ ಕೆತ್ತಿದರು. ಹನ್ನೆರಡನೆಯ ತಗಡು ಸ್ವಲ್ಪ ಸಣ್ಣದಿದ್ದ ಕಾರಣ ಅಲ್ಲಿ 'ಚಂದಯ್ಯ ಶೆ' ಎಂದಷ್ಟೇ ಹಿಡಿಯಿತು. ಕೆಲಸ ಮುಗಿದ ದಿನ ಸೀತಕ್ಕ ಕಾಫಿ ತಂದಿಟ್ಟು, ಕಪ್ಪನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಹನ್ನೆರಡೂ ನಿಮ್ದೇಯಾ?"

"ಮತ್ಯಾರ್ದ್?" ಎಂದರು ಶೆಟ್ಟರು.

ಸೀತಕ್ಕ ಒಳಗೆ ಹೋದರು. ಆ ದಿನ ಕಾಫಿಗೆ ಬೆಲ್ಲ ಇರಲಿಲ್ಲ. ಮರೆತಿರಬೇಕು ಎಂದುಕೊಂಡು ನಾವು ಮೂವರೂ ಕುಡಿದೆವು.

ಆಮೇಲಿನ ಹತ್ತು ತಿಂಗಳು ಚಂದಯ್ಯ ಶೆಟ್ಟರು ನೆಲದ ಮೇಲೆ ನಡೆದದ್ದು ನನಗೆ ನೆನಪಿಲ್ಲ. 'ಶಾಶ್ವತ ಕಪ್ಪಿನ ಶೆಟ್ರು' ಎಂಬ ಹೆಸರು ಬ್ರಹ್ಮಾವರದವರೆಗೆ ಹೋಯಿತು. ಮದುವೆ ಮನೆಗೆ ಕರೆದರೆ ಕಪ್ ಸಮೇತ ಹೋಗುವರು. ಚಪ್ಪರದಲ್ಲಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಶೆಟ್ಟರಿಗೆ, ಇನ್ನೊಂದು ಕಪ್ಪಿಗೆ. ಒಂದು ಕಡೆ ಮದುಮಗಳ ದೊಡ್ಡಪ್ಪನಿಗೇ ಕುರ್ಚಿ ಇಲ್ಲದೆ ಅವರು ಗೊಣಗುತ್ತ ನಿಂತಿದ್ದರಂತೆ.

ಸೀತಕ್ಕನ ಅಣ್ಣ, ತ್ರಾಸಿಯ ಅಣ್ಣಯ್ಯ ಶೆಟ್ಟರು, ಸುದ್ದಿ ಕೇಳಿ ಬಸ್ಸು ಹಿಡಿದು ಬಂದರು. ಹದಿನಾಲ್ಕು ವರ್ಷ ಬೊಂಬಾಯಿಯಲ್ಲಿದ್ದವರು. ಯಾವುದನ್ನು ನೋಡಿದರೂ 'ಬೊಂಬಾಯಂಗೆ ಇದ್ಕಿಂತ ದೊಡ್ಡದಿತ್ತ್' ಎನ್ನುವ ಜನ. ಕಪ್ಪನ್ನು ಮೂರು ಸುತ್ತು ಬಂದರು, ಬೆರಳಲ್ಲಿ ತಟ್ಟಿದರು, ಹೆಸರು ಎಣಿಸಿದರು. ಕೊನೆಗೆ, "ಭಾವ, ಹನ್ನೆರಡ್ ಸಲ ಒಬ್ರದ್ದೇ ಹೆಸ್ರ್ ಇಪ್ಪು ಕಪ್ ನಾನ್ ಬೊಂಬಾಯಂಗೂ ಕಾಣ್ಲಿಲ್ಲೆ," ಎಂದು ಒಪ್ಪಿಕೊಂಡರು. ಶೆಟ್ಟರ ಜನ್ಮ ಸಾರ್ಥಕವಾಯಿತು.

ಮಳೆಗಾಲಕ್ಕೆ ಮೊದಲು ಶೆಟ್ಟರು ಮನೆಯ ಮುಂದೆ, ಹೋಗಿಬರುವವರಿಗೆ ಕಾಣುವ ಹಾಗೆ, ತಾವೇ ಒಂದು ಗೆಡ್ಡೆ ನೆಟ್ಟರು. ಕೈಯಾರೆ ನೆಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಸುತ್ತ ಬಿದಿರಿನ ಬೇಲಿ, ಬೇಲಿಗೆ ಸುಣ್ಣ, ಒಂದು ಹಲಗೆಯಲ್ಲಿ 'ಮುಟ್ಟಬಾರದು'. ದಿನಾ ಬೆಳಗ್ಗೆ ಅದರ ಎದುರು ನಿಂತು ಮಾತಾಡುವರು. ಗೊಬ್ಬರ ಹಾಕಿದ್ದು ನಾನು ನೋಡಲಿಲ್ಲ.

ಡಿಸೆಂಬರಿನ ಕೊನೆಗೆ ಅಂಚೆಯಲ್ಲಿ ಒಂದು ಪತ್ರ ಬಂತು. ಇಂಗ್ಲಿಷಿನಲ್ಲಿತ್ತು. ಶೆಟ್ಟರು ಅದನ್ನು ಬಿಚ್ಚದೆಯೇ, "ಮತ್ತೆಂತದೋ ಸನ್ಮಾನ ಇರ್ಕ್, ಓದಿ ಮಾಸ್ಟ್ರೆ," ಎಂದು ನನ್ನ ಕೈಗೆ ಕೊಟ್ಟರು. ನಾನು ಒಮ್ಮೆ ಓದಿದೆ. ಕನ್ನಡಕ ಒರಸಿ ಇನ್ನೊಮ್ಮೆ ಓದಿದೆ. ಈ ವರ್ಷದ ವಿಜೇತರಿಗೆ ಕೊಡಬೇಕಾಗಿರುವುದರಿಂದ ಪರ್ಪೆಚುವಲ್ ಕಪ್ಪನ್ನು ಕೂಡಲೇ ಹಿಂದಿರುಗಿಸುವುದು ಎಂದಿತ್ತು.

"ಹಿಂದಿರುಗಿಸುವುದಾ? ಎಂತ ಹೇಳ್ತ್ರಿ ಮಾಸ್ಟ್ರೆ? ಶಾಶ್ವತ ಅಂದ್ರಲ್ದಾ ನೀವ್?" ಶೆಟ್ಟರ ಸ್ವರ ಮೊದಲ ಬಾರಿಗೆ ಜಗಲಿ ದಾಟಲಿಲ್ಲ.

ಉತ್ತರ ಹುಡುಕುತ್ತಿರುವಾಗಲೇ ದೇವರ ಹಾಗೆ ಗ್ರಾಮಸೇವಕ ಪಾಂಡು ಸೈಕಲ್ ಹೊಡೆದುಕೊಂಡು ಬಂದ. ಹಳ್ಳಿ ಹಳ್ಳಿ ತಿರುಗಿ ಗೊಬ್ಬರ ಬೀಜದ ಕೆಲಸ ನೋಡುವ ಪಾಪದ ಮನುಷ್ಯ. ಕಪ್ ಒಯ್ಯಲು ಬಂದಿದ್ದ.

"ಶೆಟ್ರೆ, ಶಾಶ್ವತ ಇಪ್ಪುದ್ ಕಪ್. ಗೆದ್ದವ್ರ್ ಅಲ್ಲ. ವರ್ಷ ವರ್ಷ ಯಾರ್ ಗೆಲ್ತ್ರೋ ಅವ್ರ ಮನಿಗ್ ಹೋತ್ತ್. ಅದ್ಕೇ ಹನ್ನೆರಡ್ ತಗಡ್, ಹನ್ನೆರಡ್ ವರ್ಷಕ್ಕೆ," ಎನ್ನುತ್ತ ಕಪ್ಪನ್ನು ಕೈಗೆತ್ತಿಕೊಂಡ. ತಿರುಗಿಸಿದ. ಇನ್ನೂ ತಿರುಗಿಸಿದ. ಆಮೇಲೆ ಮೆಲ್ಲನೆ ಜಗಲಿಯ ಮೇಲೆ ಕುಳಿತು, "ಒಂದ್ ಲೋಟ ನೀರ್ ಕೊಡಿ," ಎಂದ.

ಚೆನ್ನಯ್ಯ ಆಚಾರ್ರನ್ನು ಕರೆಸಿದೆವು. ಅವರು ಅಳಿಸಲು ಸಾಧ್ಯವೇ ಇಲ್ಲ ಎಂದರು. "ನಾನ್ ಕೆತ್ತಿದ್ದಂದ್ರೆ ಕೆತ್ತಿದ್ದೇ. ಉಜ್ಜಿದ್ರೆ ತಗಡೇ ತೂತಾತ್ತ್. ಹೊಸ ತಗಡ್ ಹಾಕ್ಕ್, ಒಂದಕ್ಕೆ ನಾಲ್ಕ್ ದಿನ." ಪ್ರದರ್ಶನಕ್ಕೆ ಉಳಿದದ್ದು ಒಂಬತ್ತು ದಿನ. ಶೆಟ್ಟರು, ಪಾಂಡು, ನಾನು, ಮೂವರೂ ಕಪ್ಪಿಗೆ ಬೈರಾಸು ಸುತ್ತಿಕೊಂಡು ಕುಂದಾಪುರಕ್ಕೆ ಹೋದೆವು. ಈ ಸಲ ಕಪ್ಪಿಗೆ ಟಿಕೆಟ್ ಮಾಡಿಸಲಿಲ್ಲ.

ಪ್ರದರ್ಶನದ ಉಸ್ತುವಾರಿಯ ಸಾಹೇಬರು ಧಾರವಾಡದ ಕಡೆಯವರು. ಬಂದು ಆರು ತಿಂಗಳಾಗಿತ್ತು. ನಮ್ಮ ಮೀನು ಒಗ್ಗಿರಲಿಲ್ಲ, ನಮ್ಮ ಕನ್ನಡವಂತೂ ಒಂದಿಷ್ಟೂ ಒಗ್ಗಿರಲಿಲ್ಲ. ಬೈರಾಸು ಬಿಚ್ಚಿ ನೋಡಿದರು.

"ಏನ್ರೀ ಇದು! ಹನ್ನೆರಡು ಸರ್ತಿ ಬರೆಸ್ಯಾರಲ್ರೀ! ಯಾಕ್ರೀ?"

"ಖಾಲಿ ಬಿಟ್ರೆ ವಾಪಸ್ ಕಳಿಸ್ತ್ರಂಬ್ರು, ಸಾರ್," ಎಂದರು ಶೆಟ್ಟರು.

"ಯಾರು ಹೇಳಿದ್ರು?"

ಹೇಳಿದ ಆಚಾರ್ರು ಅಲ್ಲಿರಲಿಲ್ಲ, ಶೆಟ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರನ್ನು ನೋಡಿದೆ.

"ಪರ್ಮನೆಂಟ್ ಅಂದ್ರ ನಿಮಗ ಕೊಟ್ಟು ಬಿಟ್ಟಂಗ್ರೀ. ಪರ್ಪೆಚುವಲ್ ಅಂದ್ರ ವರ್ಷಾ ವರ್ಷಾ ಹೊಸದಾಗಿ ಗೆಲ್ಲಬೇಕು. ಇಷ್ಟು ತಿಳೀಲಿಲ್ಲೇನ್ರೀ?" ಎಂದು ಸಾಹೇಬರು ಹಣೆ ಒತ್ತಿಕೊಂಡರು. "ಈ ಸಲ ಮಂಗಳೂರಿಂದ ದೊಡ್ಡ ಸಾಹೇಬ್ರು ಬರ್ತಾರ. ಅವರು ಅಕ್ಷರ ಅಕ್ಷರ ಓದೋ ಮಂದಿ. ನೋಡ್ರಿ ಶೆಟ್ಟರ, ಎರಡೇ ದಾರಿ. ಈ ವರ್ಷಾನೂ ನೀವು ಗೆದ್ರಿ ಅಂದ್ರ ಕಪ್ ನಿಮ್ಮ ಮನೀಗೇ ಹೋಗ್ತದ, ಒಂದು ವರ್ಷದಾಗ ತಗಡು ಬದಲಿ ಮಾಡ್ಸಿ ಕೊಡ್ರಿ. ಇಲ್ಲಂದ್ರ, ಬ್ಯಾರೆಯವರ ಕೈಯಾಗ ನಿಮ್ಮ ಹೆಸರಿನ ಕಪ್ ಕೊಡಬೇಕಾಗ್ತದ. ಯಾಕ ಹಿಂಗಾತು ಅಂತ ನೀವೇ ಸ್ಟೇಜಿನ ಮ್ಯಾಲೆ ನಿಂತು ಹೇಳ್ರಿ. ತೂಕದಾಗ ಮಾತ್ರ ನಾನು ಕೈ ಹಾಕಂಗಿಲ್ಲ."

ಇಡೀ ತಾಲೂಕಿನ ಎದುರು! ಮುಂದಿನ ಸಾಲಿನಲ್ಲಿ ಅಣ್ಣಯ್ಯ ಶೆಟ್ಟರು! ಆ ಮದುಮಗಳ ದೊಡ್ಡಪ್ಪ! ಚಂದಯ್ಯ ಶೆಟ್ಟರ ಮುಖ ಬಾಡಿತು, ಮತ್ತೆ ತಟ್ಟನೆ ಅರಳಿತು. "ಗೆಲ್ತೆ ಸಾರ್! ನಾನೇ ನೆಟ್ಟ ಗೆಡ್ಡಿ ಇತ್ತ್!" ಎಂದರು.

ಮನೆಗೆ ಬಂದವರೇ ಸುಣ್ಣದ ಬೇಲಿ ಕಿತ್ತು, ಅಗೆದರು. ಸುತ್ತ ಅಗೆದರು, ಆಳಕ್ಕೆ ಅಗೆದರು. "ಮೆಲ್ಲ, ಪೆಟ್ಟಾತ್ತ್!" ಎಂದು ತಮಗೆ ತಾವೇ ಹೇಳಿಕೊಂಡರು. ಕೊನೆಗೆ ಸಿಕ್ಕಿದ ಗೆಡ್ಡೆ ಸುಲಿದ ತೆಂಗಿನಕಾಯಿಯಷ್ಟು ಇತ್ತು. ಶೆಟ್ಟರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಹೊಂಡದಲ್ಲೇ ನಿಂತಿದ್ದರು. ನನಗೆ ನಗು ಬಂತು, ನಗಲು ಧೈರ್ಯ ಬರಲಿಲ್ಲ.

ಸೀತಕ್ಕ ಹಿತ್ತಲಲ್ಲಿ ಕುಳಿತು ತೆಂಗಿನ ಮಡಲು ಹೆಣೆಯುತ್ತಿದ್ದರು. ಶೆಟ್ಟರು ಅಲ್ಲಿಗೆ ಹೋದರು. ನೆರೆಮನೆಯವನಾದ ಕಾರಣ ನಾನೂ ಹೋದೆ.

"ಸೀತೂ, ನೀನ್ ಈ ವರ್ಷ ಗೆಡ್ಡಿ ನೆಟ್ಟಿದ್ಯಾ?"

"ಹಟ್ಟಿ ಹಿಂದೆ ಒಂದಿತ್ತ್."

"ದೊಡ್ಡದಾ?"

"ಮಣ್ಣಿನೊಳ್ಗಿಪ್ಪುದ್ ನಂಗ್ ಹ್ಯಾಂಗೆ ಗೊತ್ತಾತ್ತ್? ದಂಟ್ ಕಂಡ್ರೆ ಸಣ್ಣದಲ್ಲ."

"ಬದ್ಕ್‌ದೆ! ಹ್ವಾಯ್ ಮಾಸ್ಟ್ರೆ, ಫಾರಂ ತನ್ನಿ, ನನ್ ಹೆಸ್ರ್ ಬರೀರಿ!"

"ನಿಮ್ ಹೆಸ್ರ್ ಎಂತಕ್ಕೆ? ಅದ್ ನನ್ ಗೆಡ್ಡಿ," ಎಂದರು ಸೀತಕ್ಕ. ತಲೆ ಎತ್ತಲಿಲ್ಲ, ಕೈ ನಿಲ್ಲಲಿಲ್ಲ.

"ಗಂಡ ಹೆಂಡ್ತಿ ಮಧ್ಯೆ ನಂದ್ ನಿಂದ್ ಎಂತದ್ ಮಾರಾಯ್ತಿ?"

"ಹೌದಾ? ಹನ್ನೆರಡ್ ತಗಡ್ ಇತ್ತಲ್ದಾ? ಅದ್ರಲ್ಲಿ ಒಂದ್ರಲ್ಲಾರೂ ಸೀತು ಅಂದೇಳಿ ಎರಡಕ್ಷರ ಹಿಡೀಲಿಲ್ಯಾ? ಸುಡುಮಣ್ಣ್ ಹೊತ್ತದ್ ನಾನ್. ನೀರ್ ಹೊಯ್ದದ್ ನಾನ್. ಹಂದಿ ಬಪ್ಪತ್ತಿಗೆ ಡಬ್ಬಿ ಬಡ್ಕಂಡ್ ಓಡಿದ್ ನಾನ್. ಸೊಂಟ ಮುರೀಕ್ ಅಂದ್ರಲ್ದಾ ಮೈಕಂಗೆ, ಮುರ್ದದ್ ಯಾರ ಸೊಂಟ?"

ನನಗೆ ಆಗ ನಿಜವಾಗಿ ನಾಚಿಕೆಯಾಯಿತು. ಅರ್ಜಿ ತುಂಬಿಸಿದವನು ನಾನು, ತಗಡು ಕೆತ್ತುವಾಗ ಪಕ್ಕದಲ್ಲಿ ಕುಳಿತು ಬೆಲ್ಲವಿಲ್ಲದ ಕಾಫಿ ಕುಡಿದವನೂ ನಾನು. ಇಷ್ಟು ಸಣ್ಣ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ.

ಶೆಟ್ಟರು ಮೆಲ್ಲನೆ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ಮಡಲಿನ ಒಂದು ತುದಿ ಹಿಡಿದು ಹೆಣೆಯಲು ನೋಡಿದರು. ಎರಡು ಗರಿ ತಪ್ಪಾಗಿ ಹೆಣೆದರು. ಸೀತಕ್ಕ ಅದನ್ನು ಬಿಚ್ಚಿ ಸರಿ ಮಾಡಿದರು.

"ನಂಗ್ ಬುದ್ಧಿ ಇಲ್ಲೆ ಸೀತೂ," ಎಂದರು.

"ಅದ್ ಗೊತ್ತಿತ್ತ್."

"ಫಾರಂನಂಗೆ ನಿನ್ ಹೆಸ್ರೇ ಬರೀಲಿ." ಇನ್ನೊಂದು ಗರಿ ಕೈಗೆತ್ತಿಕೊಂಡು, "ಹಾಂಗಾರೆ ಹೋದ ವರ್ಷದ್ ಯಾರ್ದ್ ಅಂದೇಳಿ ಜನ ಕೇಂಡ್ರೆ?"

"ಕೇಂಡ್ರೆ ಹೇಳಿ."

"ಎಂತ ಹೇಳುದ್?"

"ಇದ್ದದ್ದನ್ ಇದ್ದಂಗೆ ಹೇಳಿ."

ನಾನು ಮನೆಗೆ ಹೋಗಿ ಫಾರಂ ತಂದೆ. 'ಬೆಳೆದವರ ಹೆಸರು' ಎಂಬಲ್ಲಿ 'ಸೀತು ಶೆಡ್ತಿ' ಎಂದು ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ. ಅಲ್ಲಿ ಯಜಮಾನರ ಹೆಸರು ಎಂದು ಇರಲೇ ಇಲ್ಲ ಎನ್ನುವುದನ್ನು ಆ ದಿನವೇ ಗಮನಿಸಿದ್ದು.

ಪ್ರದರ್ಶನದ ದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಅಣ್ಣಯ್ಯ ಶೆಟ್ಟರು ಇದ್ದರು. 'ಶಾಶ್ವತ ಕಪ್ ವಾಪಸ್ ಬಂದಿತ್ತಂಬ್ರು' ಎಂಬ ಸುದ್ದಿ ಆಗಲೇ ಮೈದಾನವಿಡೀ ತಿರುಗಿತ್ತು. ಕಪ್ ಮೇಜಿನ ಮೇಲೆ ಕುಳಿತಿತ್ತು, ಪಾಂಡು ಅದರ ಪೀಠಕ್ಕೆ ಹೂವಿನ ಹಾರ ಸುತ್ತಿ ಹೆಸರು ಮುಚ್ಚಿದ್ದ.

ಕೊನೆಗೆ ಉಳಿದದ್ದು ಎರಡು ಗೆಡ್ಡೆ. ಮರವಂತೆಯ ಕುಷ್ಟ ಶೆಟ್ಟರದ್ದು ನಲವತ್ತೇಳು ರಾತ್ಲು. ಸೀತಕ್ಕನದು ನಲವತ್ತೇಳೂ ಮುಕ್ಕಾಲು.

"ಅದ್ ಮಣ್ಣಿನ ತೂಕ ಮಾರಾಯ್ರೆ! ಮುಕ್ಕಾಲ್ ರಾತ್ಲ್ ಮಣ್ಣೇ ಇತ್ತ್!" ಎಂದು ಕುಷ್ಟ ಶೆಟ್ಟರು ಎದ್ದು ನಿಂತರು.

ತಕ್ಕಡಿಯ ಹತ್ತಿರ ಗಲಾಟೆ ಎದ್ದಿತು. ಆಗ ಚಂದಯ್ಯ ಶೆಟ್ಟರು ಮುಂದೆ ಬಂದರು. ಹೆಗಲ ಮೇಲಿದ್ದ ಜರಿಯಂಚಿನ ಶಾಲು ತೆಗೆದರು. ಮದುವೆಗಳಿಗೆ ಮಾತ್ರ ಹೊದೆಯುವ ಶಾಲು, ಮಳೆ ಹನಿ ಬಿದ್ದರೂ ಮಡಚಿ ಕಂಕುಳಿಗೆ ಸೇರಿಸುವ ಶಾಲು ಅದು. ಮೊಣಕಾಲೂರಿ ಕುಳಿತು ಆ ಶಾಲಿನಿಂದ ಗೆಡ್ಡೆಯನ್ನು ಮೇಲೆ ಕೆಳಗೆ, ಸಂದುಗೊಂದು ಬಿಡದೆ ಒರೆಸಿದರು. ಶಾಲು ಕೆಂಪಾಯಿತು. ಮತ್ತೆ ತೂಗಿದರು. ನಲವತ್ತೇಳೂ ಕಾಲು. ಕಾಲು ರಾತ್ಲಿನಲ್ಲಿ ಸೀತಕ್ಕ ಗೆದ್ದರು.

ಮೈದಾನದಲ್ಲಿ ಚಪ್ಪಾಳೆ ಬಿತ್ತು. ಸೀತಕ್ಕ ಸೆರಗು ಸರಿಮಾಡಿಕೊಂಡು ಸ್ಟೇಜು ಹತ್ತಿದರು. ಮಂಗಳೂರಿನ ದೊಡ್ಡ ಸಾಹೇಬರು ಕಪ್ ಎತ್ತಿದರು, ಹೂವಿನ ಹಾರ ಜಾರಿ ಬಿತ್ತು. ಅವರು ಓದುವ ಜನ, ಓದಿದರು.

"ಚಂದಯ್ಯ ಶೆಟ್ಟಿ. ಚಂದಯ್ಯ ಶೆಟ್ಟಿ. ಚಂದಯ್ಯ ಶೆಟ್ಟಿ..." ಧ್ವನಿವರ್ಧಕದಲ್ಲಿ ಹನ್ನೆರಡು ಸಲವೂ ಕೇಳಿತು. "ಕೊನೆಯವರು ಚಂದಯ್ಯ ಶೆ. ಏನ್ರೀ, ಈ ಕಪ್ಪಿಗೆ ಇನ್ನೂ ಎರಡನೇ ವರ್ಷ. ಈ ಹನ್ನೆರಡು ಮಂದಿ ಚಂದಯ್ಯ ಶೆಟ್ಟರು ಯಾರು?"

ಧಾರವಾಡದ ಸಾಹೇಬರು ಕಣ್ಣು ಮುಚ್ಚಿಕೊಂಡರು. ಪಾಂಡು ಸ್ಟೇಜಿನಿಂದ ಇಳಿದೇಬಿಟ್ಟ. ಗೆದ್ದ ಮೇಲೂ ಮರ್ಯಾದೆ ಉಳಿಯಲಿಲ್ಲವಲ್ಲ ಎಂದುಕೊಂಡೆ. ಮಣ್ಣಿನ ಶಾಲು ಹೆಗಲಿಗೆ ಹಾಕಿಕೊಂಡು ಚಂದಯ್ಯ ಶೆಟ್ಟರು ಮೆಟ್ಟಿಲು ಹತ್ತಿದರು.

"ಹನ್ನೆರಡ್ ಜನ ಅಲ್ಲ ಸಾರ್. ನಾನೊಬ್ಬನೇ. ಅದೂ ಸುಳ್ಳ್. ಹೋದ ವರ್ಷದ ಗೆಡ್ಡಿಯೂ ಬೆಳೆಸಿದ್ ಇವ್ಳೇ. ನಾನ್ ಭಾಷಣ ಮಾತ್ರ ಮಾಡಿದ್."

ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣಯ್ಯ ಶೆಟ್ಟರು ಕೂಡ ಬೊಂಬಾಯಿಯ ಸುದ್ದಿ ಎತ್ತಲಿಲ್ಲ. ಒಬ್ಬ ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕ. ಆ ನಗು ಹಬ್ಬುವುದರೊಳಗೆ ಸೀತಕ್ಕ ಧ್ವನಿವರ್ಧಕದ ಹತ್ತಿರ ಬಂದರು. ಅವರು ಅದರ ಮುಂದೆ ನಿಂತದ್ದು ಅದೇ ಮೊದಲು.

"ಸುಳ್ಳ್ ಎಂತದೂ ಅಲ್ಲ ಸಾರ್," ಎಂದರು. "ಒಂದನೇದ್ ಹ್ಯಾಂಗಿತ್ತೋ ಹಾಂಗೇ ಇರ್ಲಿ. ಎರಡನೇದ್ರಲ್ಲಿ ನನ್ ಹೆಸ್ರ್ ಹಾಕ್ಸಿ. ಬಾಕಿ ಹತ್ತ್ ಇತ್ತಲ್ದಾ, ಅದ್ ನಮ್ಮನಿಯವ್ರ್ ಮುಂಗಡ ಬರ್ಸಿಟ್ಟದ್. ಇನ್ ಹತ್ತ್ ವರ್ಷ ಗೆಡ್ಡಿ ಅವ್ರೇ ಬೆಳೆಸ್ತ್ರಂಬ್ರು."

ಮೈದಾನವಿಡೀ ನಕ್ಕಿತು. ಅದು ಬೇರೆ ನಗು. ದೊಡ್ಡ ಸಾಹೇಬರು ಕಪ್ ಕೆಳಗಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದರು. ಧಾರವಾಡದ ಸಾಹೇಬರು ಕಣ್ಣು ತೆರೆದು, "ಶಾಭಾಸ್ ಅವ್ವಾ!" ಎಂದರು. ನಗುತ್ತಿರುವ ಎರಡು ಸಾವಿರ ಜನರ ಎದುರು ಚಂದಯ್ಯ ಶೆಟ್ಟರು ಕೈಮುಗಿದು, "ಹೌದ್, ಬೆಳೆಸ್ತೆ," ಎಂದುಬಿಟ್ಟರು.

ಮನೆಗೆ ಹೋಗುವಾಗ ಸೀತಕ್ಕ ಮುಂದೆ, ಕಪ್ ಹೊತ್ತು ಶೆಟ್ಟರು ಹಿಂದೆ. ಬಸ್ಸಿನಲ್ಲಿ ಅವರು ನನ್ನ ಹತ್ತಿರ ಯಾವ ಶಬ್ದದ ಅರ್ಥವನ್ನೂ ಕೇಳಲಿಲ್ಲ.

ಈ ಸಂಗತಿ ಅಲ್ಲಿಗೆ ತಣ್ಣಗಾಯಿತು ಎಂದುಕೊಂಡಿದ್ದೆ. ಮೊನ್ನೆ, ಮೇ ತಿಂಗಳ ಸುಡುಬಿಸಿಲಿನಲ್ಲಿ, ಕೊಡೆ ಹಿಡಿದುಕೊಂಡು ಅವರ ಹಟ್ಟಿಯ ಹಿಂದಿನ ದಾರಿಯಲ್ಲಿ ಬರುತ್ತಿದ್ದೆ. ಸೊಂಟದವರೆಗಿನ ಹೊಂಡದೊಳಗೆ ಚಂದಯ್ಯ ಶೆಟ್ಟರು ನಿಂತಿದ್ದರು. ಮೈಯೆಲ್ಲ ಬೆವರು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕೈಯಲ್ಲಿ ಹಾರೆ. ಪಕ್ಕದಲ್ಲಿ ಅಂಥದೇ ಇನ್ನೂ ಎರಡು ಹೊಂಡ, ಅಂಚಿನಲ್ಲಿ ಸುಟ್ಟ ಮಣ್ಣು ತುಂಬಿದ ಒಂದು ಹೆಡಿಗೆ. ಸೀತಕ್ಕ ನೆರಳಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

"ಎಂತ ಶೆಟ್ರೆ, ಗೆಡ್ಡಿ ಜೋರಾ?" ಎಂದೆ.

ಶೆಟ್ಟರು ಬೊಬ್ಬೆ ಎದ್ದ ಎರಡೂ ಅಂಗೈ ನನ್ನ ಮುಖದ ಮುಂದೆ ಹಿಡಿದರು.

"ಮಾಸ್ಟ್ರೆ, ನಿಮ್ ಡಿಕ್ಷನರಿ ಒಲಿಗ್ ಹಾಕಿ. ಪರ್ಮನೆಂಟ್ ಅಂದ್ರೆ ಒಂದ್ ಸಲ ಗೆದ್ದ್ ಕುರ್ಚಿಯಂಗೆ ಕೂಕಂಬುದ್. ಪರ್ಪೆಚುವಲ್ ಅಂದ್ರೆ ಇದ್! ಇನ್ನೂ ಹತ್ತ್ ವರ್ಷ!"

ಇಪ್ಪತ್ತೆಂಟು ವರ್ಷ ಕಲಿಸಿದರೂ ಇಷ್ಟು ಸರಿಯಾಗಿ ನಾನು ಯಾವ ಶಬ್ದದ ಅರ್ಥವನ್ನೂ ಹೇಳಿದವನಲ್ಲ. ಅದನ್ನು ಒಪ್ಪಿಕೊಂಡು ಮೆಲ್ಲನೆ ಜಾರಿಕೊಳ್ಳೋಣವೆಂದು ತಿರುಗಿದೆ.

"ಹ್ವಾಯ್ ಮಾಸ್ಟ್ರೆ, ಎಲ್ಲಿಗ್ ಹೋಪುದ್?" ಎಂದರು ಸೀತಕ್ಕ. "ಬಸ್ಸಂಗೆ ಅರ್ಥ ಹೇಳಿದ್ ನೀವೇ ಅಲ್ದಾ? ಆ ಸುಡುಮಣ್ಣಿನ ಹೆಡ್ಗಿ ಹಿಡ್ಕಣಿ."

ಕೊಡೆ ಮಡಚಿ ಬೇಲಿಗೆ ಸಿಕ್ಕಿಸಿ, ಹಿಡಿದುಕೊಂಡೆ.